ಎರಡು ಪರ್ಸೆಂಟ್ ಆಮೇಲೆ, ಮೊದಲು ಪಿಎಫ್ ಚಲನ್

28 ಜನರ ಹೊಲಿಗೆ ಯೂನಿಟ್, ಲಾಭದಲ್ಲಿ ಎರಡು ಪರ್ಸೆಂಟ್ ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆ ಮಾಡುವ ಖರ್ಚು) ಅಂತ ತೆಗೆದಿಟ್ಟು ಊರಿನ ಸರ್ಕಾರಿ ಶಾಲೆಗೆ ಕೊಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಶಾಲೆಯಿಂದ ಶುರು ಮಾಡಬೇಡಿ. ನಾನು ಅಲ್ಲಿಂದಲೇ ಶುರು ಮಾಡಿದವನು.

ಬೆಂಗಳೂರಿನ ಪೀಣ್ಯದಲ್ಲಿ ನನ್ನದು ಜಾಬ್‌ವರ್ಕ್ ಯೂನಿಟ್. ಒಂದು ಎಕ್ಸ್‌ಪೋರ್ಟ್ ಕಂಪನಿಯಿಂದ ಕಟಿಂಗ್ ಆದ ಬಟ್ಟೆ ಬರುತ್ತಿತ್ತು. ಹೊಲಿದು, ಚೆಕಿಂಗ್ ಮಾಡಿ, ಐರನ್ ಹಾಕಿ ಕಳಿಸುತ್ತಿದ್ದೆವು. ಲಗ್ಗೆರೆ, ಹೆಗ್ಗನಹಳ್ಳಿ ಕಡೆಯ ಹೆಣ್ಣುಮಕ್ಕಳೇ ಹೆಚ್ಚು. ಪ್ರತಿ ಜೂನ್‌ನಲ್ಲಿ ನಮ್ಮೂರ ಶಾಲೆಗೆ ನೋಟ್‌ಬುಕ್ಕು, ಬ್ಯಾಗು ಕೊಡಿಸುತ್ತಿದ್ದೆ. ಶಾಲು ಹೊದಿಸುತ್ತಿದ್ದರು, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು.

2015ರಲ್ಲಿ ಆ ಕಂಪನಿ ಬಿಲ್ ತಡ ಮಾಡತೊಡಗಿತು. ಬಾಡಿಗೆ ನಿಲ್ಲಿಸಿದರೆ ಓನರ್ ಬಾಗಿಲಿಗೆ ಬರುತ್ತಾರೆ, ಕರೆಂಟ್ ಬಿಲ್ ಬಿಟ್ಟರೆ ಫ್ಯೂಸ್ ಕೀಳುತ್ತಾರೆ, ಸಂಬಳ ತಪ್ಪಿದರೆ ಹೊಲಿಗೆ ಲೈನ್ ನಿಲ್ಲುತ್ತದೆ. ಸದ್ಯಕ್ಕೆ ಯಾರೂ ಕೇಳದೇ ಇದ್ದದ್ದು ಒಂದೇ, ಕೆಲಸಗಾರರ ಭವಿಷ್ಯ ನಿಧಿ, ಅಂದರೆ ಪಿಎಫ್. ಅದನ್ನು ಮುಂದಕ್ಕೆ ಹಾಕಿದೆ.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಾನು ಹಾಳಾದದ್ದು ಇಲ್ಲೇ. ಪಿಎಫ್ ಕಟ್ಟಲು ಮುಂದಿನ ತಿಂಗಳ 15 ಕೊನೆಯ ದಿನ. ₹10,000 ಸಂಬಳದವರಿಗೆ 12% ಎಂದರೆ ₹1,200 ಅವರಿಂದ, ₹1,200 ನನ್ನಿಂದ. ನನ್ನ ₹1,200 ಕಟ್ಟದಿದ್ದರೆ ಅದು ನನ್ನ ಬಾಕಿ. ಅವರ ₹1,200 ಹಾಗಲ್ಲ. ಅದು ಅವರು ದುಡಿದು ಸಂಪಾದಿಸಿದ ಕೂಲಿ. ಸ್ಲಿಪ್ಪಿನಲ್ಲಿ ಕಟ್ ಮಾಡಿದ ಗಳಿಗೆಯಿಂದ ನಾನು ಅದನ್ನು ತಲುಪಿಸಬೇಕಾದವನಷ್ಟೇ. ನಾನೋ ಅದರಲ್ಲಿ ನೂಲು ಕೊಂಡೆ, ಡೀಸೆಲ್ ಹಾಕಿಸಿದೆ. ಬಿಲ್ ಬಂದ ಮೇಲೆ ಒಟ್ಟಿಗೆ ಕಟ್ಟಿಬಿಡೋಣ ಅಂದುಕೊಂಡೆ. ಒಂದು ತಿಂಗಳ ಬಾಕಿಗೆ ಇನ್ನೊಂದು ಸೇರಿತು. ಆ ಜೂನ್‌ನಲ್ಲೂ ಶಾಲೆಗೆ ನೋಟ್‌ಬುಕ್ ಹೋದವು. ಆ ನೋಟ್‌ಬುಕ್ಕಿನ ದುಡ್ಡು ಯಾರದು ಅಂತ ಈಗ ನನಗೆ ಗೊತ್ತು. ಇದು ಬರೀ ನೀತಿಯ ಮಾತೂ ಅಲ್ಲ. ಕೆಲಸಗಾರರಿಂದ ಹಿಡಿದ ಪಿಎಫ್ ಕಟ್ಟದಿರುವುದನ್ನು ಆಗಿನ ಐಪಿಸಿ (ಭಾರತೀಯ ದಂಡ ಸಂಹಿತೆ) 405ನೇ ಸೆಕ್ಷನ್ನಿನ ವಿವರಣೆ ನಂಬಿಕೆದ್ರೋಹದ ಅಪರಾಧ ಅಂತಲೇ ಹೇಳುತ್ತಿತ್ತು.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಎಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು, ಹೊಸೂರು ರಸ್ತೆ ನಿಂತುಹೋಯಿತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಅದಾದ ಮೇಲೆ ಎಲ್ಲರೂ ತಮ್ಮ ತಮ್ಮ ಪಾಸ್‌ಬುಕ್ ತೆಗೆಸಿ ನೋಡಿದರು. ನಮ್ಮ ಲೈನಿನ ಹಿರಿಯ ಟೈಲರ್ ಅಕ್ಕ ಮಗಳ ಮದುವೆಗೆ ಪಿಎಫ್ ಅಡ್ವಾನ್ಸ್ ತೆಗೆಯಬೇಕೆಂದಿದ್ದರು. ಸೈಬರ್ ಸೆಂಟರ್‌ನಿಂದ ಪ್ರಿಂಟ್ ತಂದು ನನ್ನ ಮೇಜಿನ ಮೇಲಿಟ್ಟರು. "ಸ್ಲಿಪ್ಪಲ್ಲಿ ಕಟ್ಟಾಗೈತೆ, ಇದ್ರಾಗೆ ಇಲ್ಲ. ಎಲ್ಲೋಯ್ತು ಸಾರ್ ನಮ್ ದುಡ್ಡು?" ಬಯ್ಯಲಿಲ್ಲ, ಕೇಳಿದರಷ್ಟೇ. ಮಾರನೇ ವಾರದಿಂದ ಒಳ್ಳೆ ಕೈಗಳೆಲ್ಲ ಒಬ್ಬೊಬ್ಬರಾಗಿ ಬೇರೆ ಕಡೆ ಸೇರಿಕೊಂಡವು. ಎಕ್ಸ್‌ಪೋರ್ಟ್ ಕಂಪನಿಯ ಆಡಿಟ್‌ನವರು ಬಂದು ಚಲನ್ ಕೇಳಿದರು, ಆರ್ಡರ್ ನಿಂತಿತು. ಅಸಲಿನ ಜೊತೆ ವರ್ಷಕ್ಕೆ 12% ಬಡ್ಡಿ. ಅದರ ಮೇಲೆ ದಂಡ, ಆರು ತಿಂಗಳು ದಾಟಿದ ಬಾಕಿಗೆ ಆಗ 25%. ಅರ್ಧಕ್ಕರ್ಧ ಮಷಿನ್ ಮಾರಿ ಕಟ್ಟಿದೆ.

ನನಗೆ ಕೊಡಬೇಕಾದವನನ್ನು ಗಟ್ಟಿಯಾಗಿ ಕೇಳುವ ಧೈರ್ಯವಿಲ್ಲದೆ, ನನ್ನನ್ನು ಕೇಳಲಾರದವರ ದುಡ್ಡಿಗೆ ಕೈ ಹಾಕಿದೆ. ನಮ್ಮಂಥ ಸಣ್ಣವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಅಂತ ಸಣ್ಣ ಉದ್ದಿಮೆಗಳ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲೇ ಇದೆ. ನಾನು ಬಳಸಲಿಲ್ಲ, ಆರ್ಡರ್ ಹೋಗುತ್ತದೆಂಬ ಹೆದರಿಕೆ. ಕೊನೆಗೆ ಹೋಗಿದ್ದೂ ಅದೇ. ನೀವು ಬಳಸಿ. ಈಗ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ಲಿನಲ್ಲೇ ದೂರು ಕೊಡಬಹುದು.

ಇನ್ನು ನಿಮ್ಮ ಎರಡು ಪರ್ಸೆಂಟ್. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಇರುವುದು ₹500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ ₹1,000 ಕೋಟಿ ವಹಿವಾಟು, ಇಲ್ಲವೇ ₹5 ಕೋಟಿ ನಿವ್ವಳ ಲಾಭದ ಕಂಪನಿಗಳಿಗೆ. ನಿಮಗೆ ಅದು ತಾಗುವುದೇ ಇಲ್ಲ. ಅದರ ನಿಯಮದಲ್ಲಿ ಇನ್ನೊಂದು ಮಾತಿದೆ: ಸ್ವಂತ ನೌಕರರಿಗಷ್ಟೇ ಆಗುವ ಖರ್ಚನ್ನು ಸಿಎಸ್‌ಆರ್ ಎಂದು ಎಣಿಸುವಂತಿಲ್ಲ. ಸರಿಯಾಗಿದೆ. ಅವರಿಗೆ ಕೊಡುವುದು ಋಣ, ದಾನವಲ್ಲ.

ಹಾಗಾಗಿ ಏಳನೇ ತಾರೀಖಿನೊಳಗೆ ಸಂಬಳ ಹಾಕಿದ ದಿನವೇ ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ) ಚಲನ್ ಕಟ್ಟಿ, 15ರವರೆಗೆ ಕಾಯಬೇಡಿ. ಚಲನ್ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ. ಓವರ್‌ಟೈಮಿಗೆ ಡಬಲ್ ಕೊಡಿ, ನಿಜವಾದ ಗಂಟೆ ಬರೆದು ಕೊಡಿ. ಇಷ್ಟಾದ ಮೇಲೂ ದುಡ್ಡು ಉಳಿದರೆ, ಮೊದಲು ಶಿಶುವಿಹಾರ. 28 ಜನರ ನಿಮ್ಮ ಫ್ಯಾಕ್ಟರಿಗೆ ಅದು ಕಡ್ಡಾಯವಲ್ಲ. ಆದರೂ ಒಂದು ರೂಮು, ಒಬ್ಬ ಆಯಾ, ಮಕ್ಕಳಿಗೆ ಹಾಲು, ಇಷ್ಟು ಮಾಡಿ. ಶಾಲೆಗೆ ಬೆಂಚು ಅದಾದ ಮುಂದಿನ ವರ್ಷ ಕೊಡಿಸಿ.