ಪ್ರತಿಕ್ರಿಯೆ: ತಂದು ಬಿಟ್ಟ ಮರಿಗಳನ್ನು ಹೇಟೆ ಕುಕ್ಕುವುದೇಕೆ?

ನಿಮ್ಮ ನಾಟಿ ಹೇಟೆ (ಹೆಣ್ಣು ಕೋಳಿ) ತನ್ನ ಮರಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ, ಮೂರು ದಿನ ಬಿಟ್ಟು ನೀವು ತಂದು ಸೇರಿಸಿದ ಗಿರಿರಾಜ ತಳಿಯ ಮರಿಗಳನ್ನು ಮಾತ್ರ ಕುಕ್ಕುತ್ತಿದೆ ಅಂದಿರಿ, ಅಲ್ವಾ? ಅದು ಕೆಟ್ಟ ತಾಯಿಯಲ್ಲ, ದಯವಿಟ್ಟು ಹೊಡೆಯಬೇಡಿ. ಮೊಟ್ಟೆ ಒಡೆಯುವ ಮೊದಲೇ ಮರಿ ಒಳಗಿಂದ ಚಿಂವ್‌ಗುಟ್ಟುತ್ತದೆ, ಹೇಟೆ ಹೊರಗಿಂದ ಉತ್ತರ ಕೊಡುತ್ತದೆ. ನಂಟು ಅಲ್ಲಿಂದಲೇ ಶುರು. ಮರಿ ಹೊರಬಂದ ಒಂದೆರಡು ದಿನದಲ್ಲಿ ಅವುಗಳ ದನಿ, ಬಣ್ಣ ಎಲ್ಲಾ ಅದಕ್ಕೆ ಪರಿಚಯವಾಗಿಬಿಡುತ್ತದೆ. ಆಮೇಲೆ ಬಂದವು ಅದರ ಪಾಲಿಗೆ ಹೊರಗಿನವು. ಬಣ್ಣ ಬೇರೆಯಿದ್ದರಂತೂ ಗುರುತು ಇನ್ನೂ ಸುಲಭ.

ಈಗ ಬಲವಂತವಾಗಿ ಸೇರಿಸಬೇಡಿ. ತಲೆಗೆ ಬಿದ್ದ ಒಂದೇ ಏಟಿಗೆ ಮರಿ ಸಾಯಬಹುದು. ಬೇರೆ ಪೆಟ್ಟಿಗೆಯಲ್ಲಿಟ್ಟು ಬಲ್ಬಿನ ಕಾವು ಕೊಡಿ. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯಷ್ಟು ಇಳಿಸುತ್ತಾ ಹೋಗಿ. ಬಲ್ಬಿನಡಿ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ.

ಮುಂದಿನ ಸಲ ಹೇಟೆಯ ಮರಿಗಳು ಹೊರಬಂದ ದಿನವೇ, ಅಷ್ಟೇ ವಯಸ್ಸಿನ ಮರಿಗಳನ್ನು ರಾತ್ರಿ ಕತ್ತಲಲ್ಲಿ ಅದರ ರೆಕ್ಕೆಯಡಿ ಮೆಲ್ಲಗೆ ಇಡಿ. ಬೆಳಕು ಹರಿಯುವಾಗ ಪಕ್ಕದಲ್ಲೇ ಇರಿ. ಕೆಲವು ಹೇಟೆಗಳು ಆಗಲೂ ಒಪ್ಪುವುದಿಲ್ಲ, ತಕ್ಷಣ ಮರಿಗಳನ್ನು ತೆಗೆಯಬೇಕಾಗುತ್ತದೆ.