ಎಂಜಿನ್ ಕಾದು ನಿಂತ ಹಳೆಯ ಕಾರು: ದುರಸ್ತಿಯೋ, ಗುಜರಿಯೋ?

2010ರ ನಿಮ್ಮ ಪೆಟ್ರೋಲ್ ಕಾರು ಎಂಜಿನ್ ಕಾದು ನಿಂತಿತೆಂದೂ, ಪೂರ್ತಿ ಎಂಜಿನ್ ಬಿಚ್ಚಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ಒಪ್ಪುವ ಮೊದಲು ದಯವಿಟ್ಟು ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕುಸಿದಿದ್ದು, ಆಯಿಲ್‌ಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬೆರೆತು ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲ್ಭಾಗವಾದ ಹೆಡ್ಡಿಗೂ ನಡುವಿನ ಸೀಲು) ಹೋಗಿರುವ ಸಾಧ್ಯತೆಯೇ ಹೆಚ್ಚು. ಹೆಡ್ ಬಿರುಕು ಬಿಟ್ಟಿರದಿದ್ದರೆ ಅದನ್ನು ಮಟ್ಟ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಸುವುದು ಲಾಭಕರ. ಬೇರಿಂಗ್‌ಗಳೂ ಸಿಲಿಂಡರ್ ಗೋಡೆಗಳೂ ಸವೆದಿದ್ದು, ಖರ್ಚು ಇದೇ ಮಾದರಿಯ ಓಡುವ ಕಾರಿನ ಬೆಲೆಯ ಅರ್ಧವನ್ನು ದಾಟುವುದಾದರೆ, ನಾನಂತೂ ದುರಸ್ತಿಗೆ ಕೈಹಾಕಲಾರೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು ಫಿಟ್‌ನೆಸ್ ತಪಾಸಣೆಯ ನಂತರ ಐದು ವರ್ಷಕ್ಕಷ್ಟೇ ನವೀಕರಿಸುವುದರಿಂದ, ಆ ಖರ್ಚನ್ನೂ ತಳಭಾಗದ ತುಕ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ. ಗುಜರಿಗೆ ಹಾಕುವುದೇ ಆದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಪ್ರಮಾಣಪತ್ರ ಪಡೆದು, ಆರ್‌ಟಿಒದಲ್ಲಿ ನೋಂದಣಿ ರದ್ದಾಗಿರುವುದನ್ನು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ದಾಖಲೆಯಲ್ಲಿ ಕಾರು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.