ಪಾಟಿ ಒಡೆದು ನಕ್ಕ ಹುಡುಗ

ಪ್ರಶ್ನೆ: ಮೇಡಂ, ನಾನು ಅಂಗನವಾಡಿ ಕಾರ್ಯಕರ್ತೆ. ಚೀನಾದಲ್ಲಿ ಸಣ್ಣ ಮಕ್ಕಳ ನಾಚಿಕೆ, ತಪ್ಪಿನ ಅರಿವು ಎಲ್ಲಾ ಅಳೀತಾರಂತ್ರೀ, ಓದೋ ಮಗಳು ಹೇಳಿದಳು. ಅದು ಹೇಗೆ? ಹೋದ ವಾರ ನಮ್ಮಲ್ಲಿ ನಾಲ್ಕು ವರ್ಷದ ಹುಡುಗ ಒಂದು ಹುಡುಗಿಯ ಪಾಟಿ ಒಡೆದ. ಅವಳು ಅಳ್ತಿದ್ದಳು, ಇವನು ನಗ್ತಾ ನಿಂತಿದ್ದ. 'ನಾಚಿಕೆ ಆಗಲ್ಲೇನೋ' ಅಂತ ಎಲ್ಲರ ಮುಂದೆ ಬೈದೆ. ಇವನಿಗೆ ಮನಸ್ಸೇ ಇಲ್ವಾ?
– ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಇದೆ ಅಕ್ಕಾ, ಖಂಡಿತ ಇದೆ. ಆ ವಯಸ್ಸಿಗೆ ಈ ನಗು ಹೊಸದಲ್ಲ. 1988ರಲ್ಲಿ ಜರ್ಮನಿಯ ಗರ್ಟ್ರೂಡ್ ನುನ್ನರ್-ವಿಂಕ್ಲರ್ ಮತ್ತು ಬೇಯಾಟೆ ಸೋಡಿಯಾನ್ ಪ್ರಕಟಿಸಿದ ಅಧ್ಯಯನ ಒಂದಿದೆ. ಮಿಠಾಯಿ ಕದ್ದ ಹುಡುಗನ ಕತೆ ಹೇಳಿ, ಈಗ ಅವನಿಗೆ ಹೇಗನ್ನಿಸುತ್ತೆ ಅಂತ ಮಕ್ಕಳನ್ನ ಕೇಳಿದರು. ಕದಿಯೋದು ತಪ್ಪು ಅಂತ ನಾಲ್ಕು ವರ್ಷದವರಿಗೂ ಗೊತ್ತಿತ್ತು. ಆದರೂ ಹೆಚ್ಚಿನವರು ಅವನಿಗೆ ಖುಷಿ ಆಗಿರುತ್ತೆ ಅಂದರು, ಬೇಕಾದ್ದು ಸಿಕ್ಕಿತಲ್ಲ! ಎಂಟು ವರ್ಷದವರಲ್ಲಿ ಹೆಚ್ಚಿನವರು ಬೇಜಾರಾಗಿರುತ್ತೆ ಅಂದರು.

ಇನ್ನು ಅಳೆಯೋ ಮಾತು. ಅಪ್ಪ-ಅಮ್ಮನಿಗೆ, ಟೀಚರ್‌ಗೆ ಪ್ರಶ್ನೆಪಟ್ಟಿ ಕೊಡೋದು ಸುಲಭದ ದಾರಿ, ಆದರೆ ತಮ್ಮ ಮಗುವಿನ ಬಗ್ಗೆ ಕೆಟ್ಟದ್ದು ಬರೆಯೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ. ನನಗೆ ಜಾಸ್ತಿ ನಂಬಿಕೆ ಕಣ್ಣಾರೆ ನೋಡೋದರ ಮೇಲೆ. ಕ್ಯಾರೆನ್ ಬ್ಯಾರೆಟ್ ಮತ್ತು ಜೊತೆಗಾರರ 1993ರ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳ ಕೈಗೆ ಒಂದು ಬಟ್ಟೆ ಗೊಂಬೆ ಕೊಟ್ಟರು. ಆಡ್ತಾ ಆಡ್ತಾ ಅದರ ಕಾಲು ಕಳಚಿ ಬೀಳುತ್ತೆ, ಮೊದಲೇ ಹಾಗೆ ಮಾಡಿಟ್ಟಿರ್ತಾರೆ. ಕೆಲವು ಮಕ್ಕಳು ಆ ಗೊಂಬೆಯ ಒಡತಿಯ ಕಣ್ಣು ತಪ್ಪಿಸಿ ದೂರ ಸರಿದವು. ಕೆಲವು ಕಾಲನ್ನ ಮತ್ತೆ ಸೇರಿಸೋಕೆ ನೋಡಿದವು, ಮುರಿದಿದೆ ಅಂತ ತಾವೇ ಹೇಳಿದವು. ದೂರ ಸರಿಯೋದು ನಾಚಿಕೆಯ ಗುರುತು, ಸರಿ ಮಾಡೋಕೆ ಹೋಗೋದು ತಪ್ಪಿನ ಅರಿವಿನ ಗುರುತು ಅಂತ ಅವರು ಓದಿಕೊಂಡರು.

ಚೀನಾದಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಶಿಶುವಿಹಾರಕ್ಕೆ ಹೋಗ್ತಾರೆ, ಅಲ್ಲಿ ಇದನ್ನ ಅಳೆಯೋಕೆ ಹೊರಟರೆ ಮೊದಲ ತೊಡಕು ಮಾತಿನದ್ದು. ಅವರ 'ಶಿಯೂ' ನಮ್ಮ ನಾಚಿಕೆಯ ಹಾಗೇ. ನೆಂಟರು ಬಂದಾಗ ಅಮ್ಮನ ಸೆರಗಿನ ಹಿಂದೆ ಅಡಗೋ ಸಂಕೋಚಕ್ಕೂ ಅದೇ ಅಕ್ಷರ, ತಲೆ ತಗ್ಗಿಸೋ ಅವಮಾನಕ್ಕೂ ಅದೇ. ತಪ್ಪಿಗೆ ಒಳಗೇ ಕೊರಗೋದಕ್ಕೆ 'ನೇಯ್‌ಜಿಯೂ' ಅಂತ ಬೇರೆ ಮಾತಿದೆ. 2004ರಲ್ಲಿ ಜಿನ್ ಲೀ ಮತ್ತಿತರರು ಪಟ್ಟಿ ಮಾಡಿದಾಗ ನಾಚಿಕೆಗೆ ಸೇರಿದ 113 ಪದಗಳು ಸಿಕ್ಕವು! ಇಂಗ್ಲಿಷ್ ಪ್ರಶ್ನೆಪಟ್ಟಿಯನ್ನ ಸುಮ್ನೆ ಅನುವಾದ ಮಾಡಿದರೆ ಯಾವುದನ್ನ ಅಳೆದ ಹಾಗಾಯ್ತು?

ನಮ್ಮ ಮನೆಗಳಲ್ಲಿ ಮಕ್ಕಳಿಗೆ 'ಶೇಮ್ ಶೇಮ್' ಅಂತೀವಲ್ಲ, ಚೀನೀ ಮನೆಗಳಲ್ಲಿ ತೋರುಬೆರಳಿಂದ ಕೆನ್ನೆ ಸವರಿ ತೋರಿಸ್ತಾರೆ. ತೈವಾನ್‌ನ ರಾಜಧಾನಿ ತೈಪೆಯ ಮನೆಗಳಲ್ಲಿ ಕೂತು ನೋಡಿದ ಸಂಶೋಧಕಿ ಹೈಡಿ ಫಂಗ್ 1999ರಲ್ಲಿ ಬರೆದ ಪ್ರಕಾರ ಅದರಲ್ಲಿ ಹೆಚ್ಚಿನದು ತಮಾಷೆಯ ಧಾಟಿಯಲ್ಲೇ ನಡೆಯುತ್ತೆ, ಮಗುವನ್ನ ಹೊರಗೆ ತಳ್ಳೋಕಲ್ಲ, ತಮ್ಮೊಳಗೆ ಸೇರಿಸಿಕೊಳ್ಳೋಕೆ. ಎಲ್ಲರ ಮುಂದೆ ಗದರಿಸೋದು ಬೇರೆ ಅಕ್ಕಾ. ಅದಕ್ಕೆ ಮಗು ಅಡಗೋದನ್ನ ಕಲಿಯುತ್ತೆ.

ಹಾಗಾಗಿ ಇನ್ನೊಮ್ಮೆ ಇಂಥದ್ದಾದರೆ ಮುಖ ನೋಡಬೇಡಿ, ಕೈ ನೋಡಿ. 'ಬಾ, ಚೂರು ಆರಿಸೋಣ' ಅಂತ ಜೊತೆಗೆ ಕೂಡಿಸಿಕೊಳ್ಳಿ, ಮೊನಚು ಚೂರು ನೀವೇ ತೆಗೀರಿ. ಅವನ ಪಾಟಿಯನ್ನ ಅವಳಿಗೆ ಸ್ವಲ್ಪ ಹೊತ್ತು ಕೊಡ್ತಾನಾ ಅಂತ ಕೇಳಿ. ಅಂದಹಾಗೆ, ನೀವು ಬೈದ ಮೇಲೆ ಅವನು ಎಲ್ಲಿಗೆ ಹೋದ, ಏನು ಮಾಡಿದ? ಅದನ್ನ ನೀವು ಬರೆದಿಲ್ಲ. ನೆನಪಿದ್ದರೆ ತಿಳಿಸಿ.